ಕಣದ ಮೇಲೆ ಕುರ್ಚಿ

೧೯೬೪ರಲ್ಲಿ ನಾನು ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಶಾಲೆಯಲ್ಲಿ ಹೂಜಿ, ಮಾವಿನಹಣ್ಣು ಬರೆಸುತ್ತಿದ್ದೆ. ಮನೆಯಲ್ಲಿ ಗೋಣಿ, ತಗಡು, ಮಣ್ಣು ಸೇರಿಸಿ ನನ್ನ ಕೆಲಸ ಮಾಡಿಕೊಳ್ಳುತ್ತಿದ್ದೆ. ಈಗ ಇದಕ್ಕೆ ಮಿಕ್ಸೆಡ್ ಮೀಡಿಯಾ, ಇನ್‌ಸ್ಟಲೇಷನ್ ಎಂದೆಲ್ಲ ಹೆಸರಿದೆ. ಆಗ ಇದ್ದದ್ದು ಒಂದೇ ಹೆಸರು: ಟೀಚರಮ್ಮನ ಹುಚ್ಚು.

ಆ ವರ್ಷ ಬಡಾವಣೆಯ ಸಂಘದವರು ತಮ್ಮ ಹಾಲಿನಲ್ಲಿ ಚಿತ್ರಪ್ರದರ್ಶನ ಏರ್ಪಡಿಸಿ ನನಗೂ ಒಂದಿಷ್ಟು ಜಾಗ ಕೊಟ್ಟರು. ನಮಗೆ ಸೊಪ್ಪು ತಂದು ಕೊಡುತ್ತಿದ್ದ ಮುನಿಯಮ್ಮನ ರಾಗಿ ಹೊಲದ ಮೇಲೆಯೇ ನಮ್ಮ ಬೀದಿ ಎದ್ದಿತ್ತು. ಹೊಲ ಹೋದ ಮೇಲೆ ಆಕೆ ಬಿಳೇಕಹಳ್ಳಿಯ ತಂಗಿಯ ಮನೆ ಸೇರಿದ್ದಳು. ಆಕೆಯ ಕಣವನ್ನು, ಎಂದರೆ ರಾಗಿ ತೆನೆ ತುಳಿಸಿ ಕಾಳು ಬಿಡಿಸುತ್ತಿದ್ದ ನೆಲವನ್ನು, ಹಾಲಿನೊಳಗೆ ಮತ್ತೆ ಮಾಡಿ, ಅದರ ತುಂಬ ಸೈಟ್ ನಂಬರ್ ಬರೆದ ಕಲ್ಲುಗಳನ್ನು ನಿಲ್ಲಿಸುವುದು ನನ್ನ ಯೋಜನೆ.

"ಕಣಕ್ಕೆ ಸಗಣಿ ನಾನೇ ಬಳೀತೀನಿ ಬುಡವ್ವ. ಇಲ್ಲೊಂದು ಹೊಲ ಇತ್ತು ಅಂತ ಜನ ನೋಡ್ಲಿ," ಎಂದಳು ಮುನಿಯಮ್ಮ. "ಆದ್ರೆ ಕಣ ಅಂದ್ರೆ ದೇವ್ರು. ಮೆಟ್ಟು ಹಾಕ್ಕೊಂಡು ತುಳಿಯಂಗಿಲ್ಲ."

ಆಯಿತು ಎಂದೆ. ಉದ್ಘಾಟನೆಯ ಹಿಂದಿನ ದಿನ ಆಕೆ ಮಣ್ಣು ಹರಡಿ, ಬಡಿದು ಗಟ್ಟಿ ಮಾಡಿ, ಸಗಣಿ ಬಳಿದು, ನಡುವೆ ಎತ್ತು ಕಟ್ಟುವ ಮೇಟಿ ಕಂಬ ನಿಲ್ಲಿಸಿ ಕೈಮುಗಿದಳು. ನೆಲ ಒಣಗಿದ ಮೇಲೆ ನಾನು ಕಲ್ಲುಗಳನ್ನು ಜೋಡಿಸಿದೆ.

ಮರುದಿನ ಹೋಗಿ ನೋಡಿದರೆ ಮೈಯೆಲ್ಲ ಉರಿದುಹೋಯಿತು. ಕಲ್ಲುಗಳನ್ನು ಬಾಗಿಲ ಹೊರಗೆ ರಾಶಿ ಹಾಕಿದ್ದರು. ಕಣದ ಮೇಲೆ ಎರಡು ಸಾಲು ಕುರ್ಚಿ, ಕುರ್ಚಿಗಳಲ್ಲಿ ಬೂಟು ತೊಟ್ಟ ಗಣ್ಯರು. ಮೇಟಿಗೆ ಮೈಕಿನ ವೈರು ಸುತ್ತಿದ್ದರು.

"ಏನ್ರೀ ಇದು?" ಎಂದು ಸಂಘದ ಕಾರ್ಯದರ್ಶಿಯನ್ನು ಕೇಳಿದೆ.

"ಫಂಕ್ಷನ್‌ಗೆ ಅಂತ ನೀವೇ ನೆಲ ಸಾರಿಸಿಟ್ಟಿದ್ರಲ್ಲ ಮೇಡಂ! ಲಕ್ಷಣವಾಗಿದೆ. ನಿಮ್ಮ ಪಿಕ್ಚರ್ ಎಲ್ಲಿ? ಗೋಡೆ ಖಾಲಿ ಇದೆ."

ಆ ಮಹಾನುಭಾವ ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿಯೂ ಮೆಚ್ಚಿಕೊಂಡಿದ್ದ! ನಾನು ಕುರ್ಚಿಗಳ ನಡುವೆ ನುಗ್ಗಿ, ಮೇಟಿಯ ಪಕ್ಕ ನಿಂತು ಕೂಗಿದೆ. "ಹೊಲದ ಮೇಲೆ ಮನೆ ಕಟ್ಟಿದ್ದು ಸಾಲ್ದು ಅಂತ ಕಣದ ಮೇಲೂ ಬೂಟುಗಾಲು ಇಡ್ತೀರಾ? ಮರ್ಯಾದೆ ಇದ್ರೆ ಏಳಿ ಎಲ್ರೂ!"

ಗಣ್ಯರು ಎದ್ದರು. ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದ ಮುನಿಯಮ್ಮ ಮೆಲ್ಲಗೆ ಹೇಳಿದಳು:

"ನಿಮ್ಮ ಕಾಲೂ ನೋಡ್ಕಳಿ, ಅವ್ವ."

ನೋಡಿಕೊಂಡೆ. ಚಪ್ಪಲಿ.

"ನೆನ್ನೆ ಕಲ್ಲಿಡುವಾಗ್ಲೂ ಹಂಗೇ ಓಡಾಡಿದ್ರಿ. ನಿಮ್ ಕೆಲ್ಸ ಕೆಡ್ತದೆ ಅಂತ ಸುಮ್ಕಿದ್ದೆ."

ಆಕೆ ಕಣದ ಅಂಚಿನಿಂದ ಒಂದು ಹಿಡಿ ಮಣ್ಣು ಕೆರೆದು ಸೆರಗಿಗೆ ಕಟ್ಟಿಕೊಂಡು ಹೊರಟಳು. ನಮ್ಮ ಮನೆಗೆ ಸೊಪ್ಪು ತರುವುದನ್ನೂ ನಿಲ್ಲಿಸಿದಳು.

ಕಾರ್ಯದರ್ಶಿಯ ಮೇಲಿನ ಸಿಟ್ಟು ಎಂದೋ ಆರಿತು. ಆತನಿಗೆ ಯಾರೂ ಹೇಳಿರಲಿಲ್ಲ. ನನಗೆ ಮುನಿಯಮ್ಮ ಹೇಳಿದ್ದಳು. ಇನ್ನೊಬ್ಬರ ಬದುಕಿನಿಂದ ವಸ್ತು ತಂದರೆ ಅದರ ಕಟ್ಟುಪಾಡನ್ನೂ ಜೊತೆಗೆ ತರಬೇಕು ಎಂಬುದು ನನ್ನ ವೃತ್ತಿ ಕಲಿಸಿದ ಪಾಠ. ಅದನ್ನು ಕಲಿಯಲು ನಾನು ಮುನಿಯಮ್ಮನ ಕಣವನ್ನು ಎರಡು ಸಲ ತುಳಿದೆ.