ರದ್ದಿ ಅಂಗಡಿಯಲ್ಲಿ ವಿಮಾನದ ತೂಕ

ಅಕ್ಕನ ಬಾಣಂತನಕ್ಕೆಂದು ಅಮ್ಮನೂ ನಾನೂ ದೆಹಲಿಗೆ ಹೊರಟಿದ್ದೆವು. ಅಗ್ಗದ ವಿಮಾನದಲ್ಲಿ ಸಾಮಾನು ಹೆಚ್ಚಾದರೆ ದಂಡ. ಅದಕ್ಕೇ ಆಟೋ ನಿಲ್ಲಿಸಿ, ವಿಜಯನಗರದ ರದ್ದಿ ಅಂಗಡಿಯಲ್ಲಿ ಪೆಟ್ಟಿಗೆ ತೂಗಿಸಿದೆವು. ಮೂರು ಕಿಲೋ ಹೆಚ್ಚಿತ್ತು.

"ಅಂಟಿನುಂಡೆ ಇಲ್ಲೇ ಬಿಡಮ್ಮ, ದೆಹಲೀಲೂ ತಿಂಡಿ ಸಿಗುತ್ತೆ," ಎಂದು ವಾದಿಸಿದೆ.

ಅಮ್ಮ ತನ್ನ ಸೀರೆಗಳನ್ನು ಒಂದೊಂದಾಗಿ ಹೊರತೆಗೆದಳು. "ಬಾಣಂತಿ ಸೀರೆ ತಿನ್ನಲ್ಲ ಕಣೋ."

"ನೀನೇನು ಉಟ್ಕೋತೀಯ ಅಲ್ಲಿ?"

"ಉಟ್ಟಿರೋದನ್ನೇ ಒಗೆದು ಉಟ್ಕೋತೀನಿ."

ಸೀರೆಗಳನ್ನು ಮತ್ತೆ ಒಳಗಿಟ್ಟು, ಪೆಟ್ಟಿಗೆಯಲ್ಲಿದ್ದ ನನ್ನ ದಪ್ಪ ಪುಸ್ತಕಗಳನ್ನು ತೆಗೆದು ಅಂಗಡಿಯವರಿಗೆ ಕೊಟ್ಟೆ. "ವಾಪಸ್ ಬರೋ ತನಕ ಇಟ್ಕೊಂಡಿರಿ ಅಣ್ಣ."

"ಚಿಂತಿ ಬ್ಯಾಡ್ರಿ," ಎಂದು ಬಾಗಲಕೋಟೆ ಕಡೆಯ ಆ ಅಂಗಡಿಯವರು ಪುಸ್ತಕಗಳನ್ನು ರದ್ದಿಯಿಂದ ದೂರ, ದೇವರ ಪಟದ ಕೆಳಗೆ ಇಟ್ಟರು.