ಚಲುವಯ್ಯ ಬಾಯಿ ಬಿಡದ ದಿನ

ಬೂಕನಕೆರೆಯ ಚಲುವಯ್ಯ ಎತ್ತು ನೋಡಲು ಬಂದನೆಂದರೆ ಮಾರುವವನಿಗೆ ತಲೆನೋವು ಶುರು. ಬಾಯಿ ಬಿಡಿಸಿ ಹಲ್ಲು ನೋಡುವನು, ಮೈಮೇಲೆಲ್ಲ ಕೈಯಾಡಿಸಿ ಕೂದಲ ಸುಳಿ ಹುಡುಕುವನು, ಗೊರಸು ಎತ್ತಿಸುವನು, ನಡೆಸಿ ನೋಡುವನು. ಆಮೇಲೆ ಶುರುವಾಗುವುದು ಮಾತು. ನೊಗದ ಯಾವ ಪಕ್ಕಕ್ಕೆ ಪಳಗಿದೆ, ಯಾವಾಗಲಾದರೂ ಮೇವು ಬಿಟ್ಟಿತ್ತೇ, ಹಿಂದಿನವನು ಯಾಕೆ ಮಾರಿದ? ಟ್ರಾಕ್ಟರು ಬಂದು ಎತ್ತು ಕಟ್ಟುವವರು ಕಡಮೆಯಾದರೂ ಸುತ್ತಲಿನವರು ಜೋಡಿ ಕೊಳ್ಳುವಾಗ ಅವನನ್ನು ಕರೆದುಕೊಂಡು ಹೋಗುವುದು ಈ ಬಾಯಿಗೋಸ್ಕರವೇ.

ಅಂಥ ಬಾಯಿ ಡಾಕ್ಟರ ಎದುರು ಮಾತ್ರ ಹೊಲಿದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಹೆಗಲ ಮೇಲಿನ ಟವಲು ಕಂಕುಳಿಗೆ ಇಳಿಯುತ್ತಿತ್ತು. ಅವರು ಏನೆಂದರೂ "ಊಂ ಸಾ". ಓದಿದವರಿಗೆ ಎದುರಾಡಬಾರದು ಎಂದು ಅಪ್ಪ ಕಲಿಸಿದ್ದ. ಕೇಳುವುದೂ ಎದುರಾಡಿದಂತೆಯೇ ಎಂದು ಇವನೇ ಸೇರಿಸಿಕೊಂಡಿದ್ದ. ಇದಕ್ಕೆ ಮರ್ಯಾದೆ ಎಂದು ಹೆಸರು ಬೇರೆ!

ಒಮ್ಮೆ ಪಾಂಡವಪುರದ ಮಗಳ ಮನೆಯಲ್ಲಿ ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ನೋವಿನ ಮಾತ್ರೆ ನುಂಗಿದ್ದೇ, ಮುಖವೆಲ್ಲ ಊದಿಕೊಂಡಿತ್ತು. ಅಲ್ಲಿನ ಡಾಕ್ಟರು ಚಲುವಯ್ಯನನ್ನೇ ಕರೆದು, "ಈ ಔಷಧಿ ಇವರಿಗೆ ಆಗಲ್ಲ. ಎಲ್ಲಿಗೆ ಹೋದ್ರೂ ಮೊದಲು ಇದನ್ನ ಹೇಳಿ. ಏನು ಕೊಡ್ತಿದ್ದೀರಿ ಅಂತ ಕೇಳಿ" ಎಂದಿದ್ದರು. "ಊಂ ಸಾ" ಅಂದಿದ್ದ.

ಮೊನ್ನೆ ಅವಳಿಗೆ ಸೊಂಟ ಹಿಡಿದುಕೊಂಡಿತು. ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಹೊರಗೆ ಜನ ಕಾಯುತ್ತಿದ್ದರು, ಡಾಕ್ಟರಿಗೆ ಅವಸರ. ನೋವಿಗೆಂದು ಇಂಜೆಕ್ಷನ್ನಿಗೆ ಮದ್ದು ಎಳೆದುಕೊಳ್ಳುತ್ತಿದ್ದಂತೆ ಪುಟ್ಟಲಕ್ಷ್ಮಮ್ಮ ಗಂಡನ ಮೊಣಕೈ ತಿವಿದಳು.

"ಏಳು ಅವರ್ಗೆ, ನಂಗೆ ಆಗಕಿಲ್ಲ ಅಂತವ."

"ಸುಮ್ಕಿರಮ್ಮಿ. ಅವರ್ಗೆ ಗೊತ್ತಿಲ್ವಾ?" ಎಂದು ಚಲುವಯ್ಯ ಕಣ್ಣು ಬಿಟ್ಟ.

ಇಂಜೆಕ್ಷನ್ನು ಚುಚ್ಚಿಸಿಕೊಂಡು ಬಸ್ ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಅವಳ ತುಟಿ ದಪ್ಪಗಾಗಿ ಉಸಿರು ಕಟ್ಟಿಕೊಂಡಿತು. ಆಟೋದಲ್ಲಿ ಮಲಗಿಸಿಕೊಂಡು ದೊಡ್ಡ ಆಸ್ಪತ್ರೆಗೆ ಧಾವಿಸಿದ. ಅವಳ ತಲೆ ತೊಡೆಯ ಮೇಲಿತ್ತು. ಅವಳು ಉಸಿರಿಗೆ ಒದ್ದಾಡಿದಾಗಲೆಲ್ಲ ಆ ತಿವಿತ ಮೊಣಕೈಗೆ ಮತ್ತೆ ತಾಕುತ್ತಿತ್ತು.

ಅಲ್ಲಿನ ಡಾಕ್ಟರಮ್ಮ ಜೀವ ಉಳಿಸಿದರು. ಆಮೇಲೆ ಮಂಚದ ಪಕ್ಕದಲ್ಲೇ ನಿಂತು ಕೇಳಿದರು.

"ಇವರಿಗೆ ಆ ಔಷಧಿ ಆಗಲ್ಲ ಅಂತ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಮೇಡಮ್ನೋರೆ."

"ಆ ಡಾಕ್ಟರಿಗೆ ಹೇಳಿದ್ರಾ?"

"ಏಳ್ದೆ. ಅವ್ರು ಕೇಳ್ನಿಲ್ಲ."

ಸುಳ್ಳು ನಾಲಿಗೆಯಿಂದ ತಾನಾಗಿ ಜಾರಿತು. ಎಲ್ಲಿ ಬೇಕೋ ಅಲ್ಲಿ ಬಾರದ ಮಾತು, ತಪ್ಪಿಸಿಕೊಳ್ಳಲು ಎಷ್ಟು ಸಲೀಸಾಗಿ ಬಂತು ನೋಡಿ. ಡಾಕ್ಟರಮ್ಮ ಕೆಂಡವಾದರು. "ಹೇಳಿದ ಮೇಲೂ ಕೊಟ್ರಾ? ಇರಿ, ನಾನೇ ಅವರ ಹತ್ರ ಮಾತಾಡ್ತೀನಿ" ಎಂದು ಫೋನು ತೆಗೆದುಕೊಂಡು ಹೊರಗೆ ನಡೆದರು.

ಚಲುವಯ್ಯ ತಿರುಗಿ ನೋಡಿದ. ಊದಿದ ರೆಪ್ಪೆಗಳ ಸಂದಿಯಿಂದ ಪುಟ್ಟಲಕ್ಷ್ಮಮ್ಮ ಅವನನ್ನೇ ನೋಡುತ್ತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

"ಎತ್ತಿಗೆ ಅಷ್ಟೊಂದು ಕೇಳ್ತೀಯ" ಎಂದಳು ತೊದಲುತ್ತ. "ನಾನು ಎತ್ಗಿಂತ ಕಡೆನಾ?"

ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಎದ್ದು ಡಾಕ್ಟರಮ್ಮನ ಹಿಂದೆ ಓಡಿದ. ಅವರಿನ್ನೂ ನಂಬರು ಹುಡುಕುತ್ತಿದ್ದರು.

"ಮೇಡಮ್ನೋರೆ, ನಾನು ಏಳ್ನೇ ಇಲ್ಲ. ಸುಳ್ಳೇಳ್ಬುಟ್ಟೆ. ಅವ್ಳು ಏಳು ಅಂದ್ಲು, ನಾನೇ ಬಾಯಿ ಮುಚ್ಚಿಸ್ದೆ."

ಬೈಯಲಿ ಎಂದು ತಲೆ ತಗ್ಗಿಸಿ ನಿಂತ. ಅವರು ಬೈಯಲಿಲ್ಲ. ಫೋನು ಜೇಬಿಗಿಟ್ಟು, "ಅವರೂ ಕೇಳಬೇಕಿತ್ತು, ನೀವೂ ಹೇಳಬೇಕಿತ್ತು. ಇನ್ನು ಮೇಲೆ ಕೇಳದೆ ಏನನ್ನೂ ಚುಚ್ಚಿಸಬೇಡಿ" ಎಂದರು.

ಅವನು ಮಂಚದ ಬಳಿಗೆ ಬಂದಾಗ ನರ್ಸಮ್ಮ ಒಂದು ಇಂಜೆಕ್ಷನ್ನು ಹಿಡಿದು ನಿಂತಿದ್ದಳು. ಚಲುವಯ್ಯ ಟವಲು ಹಿಂಡುತ್ತ ಕೇಳಿದ.

"ಇದು ಯಾತಕ್ಕೆ ತಾಯಿ? ಇವ್ಳಿಗೆ ನೋವಿನ ಮದ್ದು ಆಗಕಿಲ್ಲ."

"ಗೊತ್ತು ಕಣಜ್ಜ. ಇದು ಊತ ಇಳಿಯೋಕೆ" ಎಂದು ನಕ್ಕು, ಅವಳು ಚುಚ್ಚಿ ಹೋದಳು.

ಅಷ್ಟೇ. ಯಾರಿಗೂ ಕೋಪ ಬರಲಿಲ್ಲ, ಯಾರ ಮರ್ಯಾದೆಯೂ ಹೋಗಲಿಲ್ಲ. ಇಷ್ಟು ಸಣ್ಣ ಮಾತಿಗೆ ಇವಳನ್ನು ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ಚಲುವಯ್ಯ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.