ಹುಳುಮನೆಗೆ ಒಯ್ದ ಮಿಷನ್

ನನ್ನ ತಂಗಿಯ ಹುಳುಮನೆಯಲ್ಲಿ ಒಂದು ಬೆಳೆ ರೇಷ್ಮೆ ಹುಳು ಪೂರ್ತಿ ಸತ್ತದ್ದು ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿಯಿಂದಲ್ಲ, ನಾನು ತೆಗೆದುಕೊಂಡು ಹೋಗಿದ್ದ ಹಳೆಯ ವ್ಯಾಕ್ಯೂಮ್ ಕ್ಲೀನರಿನಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಬಾಯಲ್ಲಿ ಹೇಳಲು ಹೋದಾಗಲೆಲ್ಲ ಸುತ್ತಿ ಬಳಸಿ ಮಾತಾಡಿ ಕೆಡಿಸಿಕೊಂಡಿದ್ದೇನೆ.

ಎಸ್ಸೆಸ್ಸೆಲ್ಸಿ ಮುಗಿಸಿ ಕೋಲಾರದ ಬಸ್ ನಿಲ್ದಾಣದ ಹತ್ತಿರದ ಲಾಡ್ಜೊಂದರಲ್ಲಿ ಕೆಲಸಕ್ಕೆ ಸೇರಿದವನು ನಾನು. ಅಲ್ಲೇ ತಲೆ ನರೆಯಿತು. ಮಹಡಿಯ ರೂಮುಗಳಿಗೆ ಕಾರ್ಪೆಟ್ ಹಾಕಿಸಿದ ವರ್ಷ ಮಾಲೀಕರು ಒಂದು ವ್ಯಾಕ್ಯೂಮ್ ಕ್ಲೀನರ್ ತಂದರು. ರೂಮ್ ಗುಡಿಸುವವರು ಅದರ ಸದ್ದಿಗೇ ಹೆದರಿ ದೂರ ನಿಂತಿದ್ದರಿಂದ ಅದು ನನ್ನ ಕೈಗೆ ಬಂತು. ಬಂದು ಹೋದವರ ಬೀಡಿ ಬೂದಿ, ಕಡಲೆಕಾಯಿ ಸಿಪ್ಪೆ, ತಲೆಗೂದಲು ಎಲ್ಲವೂ ಕೊಳವೆಯೊಳಗೆ ಗರಗರ ಅಂತ ಹೋಗಿ ಮಾಯವಾಗುವುದನ್ನು ನೋಡಿದರೆ ನನಗೆ ಒಂದು ಥರ ಸುಖವಾಗುತ್ತಿತ್ತು. ಕೆಲಸ ಬಿಡುವಾಗ ಅದು ಕೆಟ್ಟು ಮೂಲೆ ಸೇರಿತ್ತು. ಕೇಳಿ ಮನೆಗೆ ತಂದು, ಮೋಟಾರಿನ ಕಾರ್ಬನ್ ಬದಲಾಯಿಸಿದೆ. ಓಡಿತು. ಹಳೆಯ ಮಿಷನ್ ತಂದು ಕೂಡಿಡುವ ಹುಚ್ಚು ಹತ್ತಿದ್ದು ಅಲ್ಲಿಂದ.

ಕೋಲಾರದ ಗುಜರಿ ಅಂಗಡಿಗಳಲ್ಲಿ ನನ್ನನ್ನು ಕಂಡರೆ ಕರೆದು ಕೂರಿಸುವ ಮಟ್ಟಕ್ಕೆ ಬಂತು. ಮುಳಬಾಗಿಲಿನಲ್ಲಿ ಒಬ್ಬ ಪುರೋಹಿತರ ಮನೆಯಲ್ಲಿ ಡಬ್ಬಿಯೂ ಪೂರ್ತಿ ಬಿಚ್ಚದ ಒಂದು ಸಿಕ್ಕಿತು. ಮಡಿ ಮನೆಯಲ್ಲಿ ಎಲ್ಲರ ಕಾಲಿನ ಧೂಳನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರುವ ವಸ್ತು ಬೇಡವೆಂದು ಅವರ ತಾಯಿ ಅಟ್ಟಕ್ಕೆ ಹಾಕಿಸಿದ್ದರಂತೆ. ನಂಗಲಿಯ ಹೆದ್ದಾರಿ ಪಕ್ಕದಲ್ಲಿ, ಲಾರಿಯವರು ಟಾರ್ಪಾಲು, ಜಾಕಿ ಮಾರುವ ಕಡೆ, ಕಾರು ತೊಳೆಯುವ ಅಂಗಡಿಯದೊಂದನ್ನು ತಂದೆ. ಮಾಲೂರಿನ ಕಾರ್ಖಾನೆಗಳ ಸಾಮಾನು ಬರುವ ಗುಜರಿಯಲ್ಲಿ ದೊಡ್ಡವು ಸಿಗುತ್ತಿದ್ದವು, ಪಿಪಾಯಿಯಂಥವು.

ತಂದದ್ದನ್ನು ಪರೀಕ್ಷೆ ಮಾಡದೆ ನನಗೆ ಊಟ ಸೇರುತ್ತಿರಲಿಲ್ಲ. ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಮೊದಲು ರಾಗಿ ಚೆಲ್ಲುವುದು, ಆಮೇಲೆ ಹಿಟ್ಟು, ಆಮೇಲೆ ಮರಳು. ಕೆಲವು ರಾಗಿಯನ್ನು ನುಂಗಿ ಹಿಟ್ಟನ್ನು ಹಿಂದಿನಿಂದ ಉಗುಳುತ್ತಿದ್ದವು. ಕೆಲವಕ್ಕೆ ಕೂಗು ಜಾಸ್ತಿ, ಕೆಲಸ ಕಡಿಮೆ. ಅಂಗೈಯನ್ನು ಕೊಳವೆಗೆ ಹಿಡಿದರೆ ಸಾಕು, ಮೋಟಾರಿನ ಪ್ರಾಯ ಗೊತ್ತಾಗುತ್ತಿತ್ತು. ಹೀಗೆ ನಾನು ಚೆಲ್ಲಿ ಬಿಟ್ಟದ್ದನ್ನು ಕೊನೆಗೆ ಪೊರಕೆಯಲ್ಲಿ ಗುಡಿಸುವವಳು ನನ್ನ ಹೆಂಡತಿ.

"ಮನೆ ತುಂಬಾ ಕಸ ಗುಡ್ಸೋ ಮಿಷನ್ನು, ಸೊಂಟ ನೋವು ಮಾತ್ರ ನಂಗೆ," ಅನ್ನುತ್ತಿದ್ದಳು. ಮಂಚದ ಕೆಳಗೆ, ಅಕ್ಕಿ ಡ್ರಮ್ಮಿನ ಪಕ್ಕ, ಬಚ್ಚಲ ಅಟ್ಟದಲ್ಲಿ ಎಲ್ಲ ಕಡೆ ಕೊಳವೆಗಳು ಇಣುಕತೊಡಗಿದಾಗ ಒಂದು ದಿನ ಹೇಳಿದಳು: "ಇನ್ನೊಂದು ಮಿಷನ್ ಹೊಸ್ತಿಲು ದಾಟಿ ಒಳಗೆ ಬಂದ್ರೆ, ನಾನು ಹೊಸ್ತಿಲು ದಾಟಿ ಆಚೆ ಹೋಗ್ತೀನಿ. ಯೋಚ್ನೆ ಮಾಡಿ, ಯಾರು ಬೇಕೋ ಇಟ್ಕೊಳ್ಳಿ."

ಇನ್ನು ತರುವುದಿಲ್ಲ ಅಂದೆ. ಆ ಮಾತು ಬಹಳ ದಿನ ಉಳಿಯಲಿಲ್ಲ. ಮಾಲೂರಿನಿಂದ ಗುಜರಿಯವನ ಫೋನ್ ಬಂತು. ಹೋಗಿ ನೋಡಿದರೆ ಸ್ಟೀಲಿನ ಪಿಪಾಯಿ, ಕೆಳಗೆ ಚಕ್ರ, ಒಂದು ಕಡೆ ಎಳೆದುಕೊಳ್ಳುವ ಬಾಯಿ, ಇನ್ನೊಂದು ಕಡೆ ಊದುವ ಬಾಯಿ. ಅಂಗೈ ಇಟ್ಟರೆ ಚರ್ಮ ಒಳಗೆ ಹೋಗುವ ಹಾಗಿತ್ತು. ಗುಜರಿಯವನು ಪ್ರಾಮಾಣಿಕ ಮನುಷ್ಯ. "ಸಾರ್, ಇದು ಹೊಲದ ಔಷಧಿ ಇಡೋ ಗೋಡೌನಿಂದು. ಒಳಗೆ ಪುಡಿ ಐತೆ. ಫಿಲ್ಟರ್ ತೊಳ್ದು ಬಿಸಿಲಿಗೆ ಇಟ್ಟು ಆಮೇಲೆ ಹಾಕ್ಕೊಳ್ಳಿ," ಅಂದ. ನಾನು ಹೂಂ ಅಂದೆ. ಅವನ ಅಂಗಡಿಯ ಹಿಂದೆಯೇ ಚೀಲವನ್ನು ಕೊಡವಿದೆ. ಬಿಳಿ ಪುಡಿ ಬಿತ್ತು, ಮೂಗಿಗೆ ಘಾಟು ಬಂತು. ಫಿಲ್ಟರನ್ನು ಗೋಡೆಗೆ ತಟ್ಟಿದೆ. ತೊಳೆದರೆ ಒಣಗಲು ಒಂದು ದಿನ ಬೇಕು. ಅಷ್ಟು ತಡೆಯುವ ತಾಳ್ಮೆ ನನಗಿರಲಿಲ್ಲ.

ಮನೆಗೆ ತರುವ ಹಾಗಿಲ್ಲ. ಹಾಗಾಗಿ ಕೋಲಾರದಲ್ಲಿ ಬಸ್ ಬದಲಾಯಿಸಿ, ಪಿಪಾಯಿಯನ್ನು ಕಂಡಕ್ಟರ್ ಬೈಗುಳದ ಜೊತೆ ಹತ್ತಿಸಿಕೊಂಡು, ಶ್ರೀನಿವಾಸಪುರ ದಾಟಿ ಗೌನಿಪಲ್ಲಿ ಕಡೆ ಇರುವ ತಂಗಿಯ ಊರಿಗೆ ಹೋದೆ.

ತಂಗಿಯ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ. ಹಿಪ್ಪುನೇರಳೆ ತೋಟ, ತೋಟದಂಚಿಗೆ ಒಂದು ಹುಳುಮನೆ, ಇದರಲ್ಲೇ ಅವಳ ಜೀವನ. ಬದುವಿನ ಆಚೆ ಟೊಮೆಟೊ ಬೆಳೆಯುವವನು ಅವಳಿಗಿಂತ ಚಿಕ್ಕವನು, ಅಕ್ಕಾ ಅಂತಲೇ ಕರೆಯುತ್ತಿದ್ದ. ಟೊಮೆಟೊಗೆ ಹೊಡೆಯುವ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹುಳು ಉಳಿಯುವುದಿಲ್ಲ. ಅದಕ್ಕೆ ಅವರಿಬ್ಬರ ನಡುವೆ ಒಂದು ಪದ್ಧತಿ ಇತ್ತು. ಹೊಡೆಯುವ ಹಿಂದಿನ ದಿನ ಅವನು ಬದುವಿನ ಮೇಲೆ ನಿಂತು, "ಅಕ್ಕಾ, ನಾಳೆ ಮಂದು ಕೊಡ್ತೀನಿ, ಸೊಪ್ಪು ಕುಯ್ಕೋ," ಎಂದು ತೆಲುಗು ಬೆರೆಸಿ ಕೂಗುವನು. ಇವಳು ಬೇಕಾದಷ್ಟು ಸೊಪ್ಪು ಮುಂಚೆಯೇ ಕೊಯ್ದಿಟ್ಟುಕೊಂಡು, ಬದುವಿನ ಪಕ್ಕದ ಸಾಲುಗಳನ್ನು ಕೆಲವು ದಿನ ಮುಟ್ಟುತ್ತಿರಲಿಲ್ಲ. ಹೀಗೆ ಎರಡೂ ಬೆಳೆ ಅಕ್ಕಪಕ್ಕ ಬದುಕಿದ್ದವು. ನಾನು ಹೋಗುವ ಕೆಲವು ದಿನ ಮುಂಚೆಯೂ ಅವನು ಹಾಗೇ ಕೂಗಿ ಹೇಳಿ ಹೊಡೆದಿದ್ದ.

ನಾನು ಹೋದಾಗ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಬೆರಳು ಗಾತ್ರಕ್ಕೆ ಬೆಳೆದು, ರಾತ್ರಿ ಹಗಲು ಸೊಪ್ಪು ತಿನ್ನುತ್ತಿತ್ತು. ಒಳಗೆ ಹೋದರೆ ಸಣ್ಣ ಮಳೆ ಬೀಳುವ ಹಾಗೆ ಸದ್ದು. ಇನ್ನು ಕೆಲವೇ ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕಾದ ಹುಳು.

"ಏನಣ್ಣಾ ಅದು, ಹಾಲಿನ ಕ್ಯಾನಾ?" ಅಂದಳು ತಂಗಿ.

"ಕಸ ನುಂಗೋ ಮಿಷನ್ನು ಕಣೇ. ನಿನ್ನ ಹುಳುಮನೆ ನೆಲ ನೋಡು ಹೆಂಗಿದೆ. ನೀನು ಸೊಪ್ಪು ತರೋದ್ರೊಳಗೆ ಕನ್ನಡಿ ಮಾಡಿಡ್ತೀನಿ."

"ಅತ್ತಿಗೆ ಮನೆಗೆ ಬಿಟ್ಕೊಳ್ಳಲಿಲ್ಲ ಅಂತ ಇಲ್ಲಿಗೆ ತಂದಿದೀಯ ತಾನೇ?" ಎಂದು ನಕ್ಕಳು. "ಹುಳ ಮುಟ್ಬೇಡ. ಕಾಲು ತೊಳ್ಕೊಂಡು ಹೋಗು." ಮಂಕರಿ ಎತ್ತಿಕೊಂಡು ತೋಟಕ್ಕೆ ಹೋದಳು.

ಹುಳುಮನೆಗೆ ಹೋಗುವವರು ಸುಣ್ಣದ ನೀರಿನಲ್ಲಿ ಕಾಲಿಟ್ಟು ಹೋಗುತ್ತಾರೆ. ಅಲ್ಲಿ ಊದುಬತ್ತಿ ಹಚ್ಚುವುದಿಲ್ಲ, ಸೊಳ್ಳೆ ಬತ್ತಿ ಇಡುವುದಿಲ್ಲ. ಹುಟ್ಟಿದಂದಿನಿಂದ ನೋಡಿದ್ದೇನೆ. ನಾನು ಕಾಲನ್ನು ಸರಿಯಾಗಿಯೇ ತೊಳೆದುಕೊಂಡೆ. ಆಮೇಲೆ ಆ ಪಿಪಾಯಿಯನ್ನು ಒಳಗೆ ಎಳೆದುಕೊಂಡು ಹೋಗಿ, ನೊಣ ಬರದಿರಲೆಂದು ಬಾಗಿಲು ಹಾಕಿಕೊಂಡು, ಸ್ವಿಚ್ ಹಾಕಿದೆ. ಒಣಗಿದ ಎಲೆ, ಹಿಕ್ಕೆ, ಕಡ್ಡಿಪುಡಿ ಎಲ್ಲ ನುಗ್ಗಿ ಹೋದವು. ಅಂಥ ಮಿಷನ್ ಅದಕ್ಕೆ ಮುಂಚೆ ನನ್ನ ಕೈಗೆ ಬಂದಿರಲಿಲ್ಲ. ಹಿಂದಿನ ಬಾಯಿಂದ ಬಿಸಿ ಗಾಳಿ ಬಂದು ಹುಳುವಿನ ಅಟ್ಟಣೆಗಳ ಕೆಳಗೆಲ್ಲ ಹರಡುತ್ತಿತ್ತು, ಅದೇ ಘಾಟು ಸ್ವಲ್ಪ ಇತ್ತು. ಫಿನಾಯಿಲ್ ಥರ, ಒಳ್ಳೆಯದೇ ಅಂದುಕೊಂಡೆ. ಹಾಗೆ ಅಂದುಕೊಂಡೆನೋ, ಅಂದುಕೊಳ್ಳಬೇಕೆಂದು ಅಂದುಕೊಂಡೆನೋ, ಈಗ ಹೇಳಲಾರೆ.

ತಂಗಿ ಬಂದು ನೆಲ ನೋಡಿ ಬಹಳ ಹೊಗಳಿದಳು.

ಮಾರನೆಯ ದಿನ ಬೆಳಿಗ್ಗೆ ಹುಳುಮನೆಯಲ್ಲಿ ಆ ಮಳೆಯ ಸದ್ದು ಇರಲಿಲ್ಲ. ಸೊಪ್ಪು ಹಾಗೇ ಬಿದ್ದಿತ್ತು. ಹುಳುಗಳು ತಲೆ ಎತ್ತಿ ಅತ್ತಿಂದಿತ್ತ ತೂಗುತ್ತಿದ್ದವು. ಬಾಯಿಂದ ಹಸಿರು ರಸ. ತಂಗಿ ಕೈಯಿಂದ ಒಂದೊಂದನ್ನೇ ಬೇರೆ ಮಾಡಿದಳು, ಹೊಸ ಸೊಪ್ಪು ಹಾಕಿದಳು, ಕಿಟಕಿ ತೆರೆದಳು. ಏನು ಮಾಡಿದರೂ ಆಗದೆಂದು ಅವಳಿಗೂ ಗೊತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹುಳುಗಳು ಕುಗ್ಗಿ ಗಿಡ್ಡವಾಗಿ ಮೆತ್ತಗಾದವು. ಗುಂಡಿ ತೋಡಿದೆವು. ಮಂಕರಿಗಳನ್ನು ಹೊತ್ತು ಹಾಕಿದವನು ನಾನೇ.

ಸುದ್ದಿ ಕೇಳಿ ಟೊಮೆಟೊ ತೋಟದವನು ಓಡಿ ಬಂದ.

"ಬಾರಪ್ಪಾ, ಬಂದು ನೋಡು," ಅಂದಳು ತಂಗಿ. "ಏನು ಹೊಡ್ದೆ ಈ ಸಲ?"

"ಯಾವತ್ತೂ ಹೊಡ್ಯೋದೇ ಅಕ್ಕಾ. ನಿಂಗೆ ಹೇಳೇ ತಾನೆ ಹೊಡ್ದಿದ್ದು? ಗಾಳಿನೂ ಆ ಕಡೆಗಿತ್ತು."

"ಗಾಳಿ ನಿನ್ನ ಮಾತು ಕೇಳ್ಕೊಂಡು ಬೀಸ್ತದಾ?"

"ಬದು ಪಕ್ಕದ ಸಾಲು ಏನಾದ್ರೂ ಕುಯ್ದ್ಯಾ?"

"ನಂಗೆ ಹುಳ ಸಾಕೋದು ಹೇಳ್ಕೊಡೋಕೆ ಬಂದ್ಯಾ? ಸತ್ತಿರೋದು ನನ್ನ ಹುಳ ಕಣೋ, ನಿನ್ನ ಕಾಯಿ ಚೆನ್ನಾಗೇ ಐತೆ."

ಅವನು ನನ್ನ ಕಡೆ ತಿರುಗಿದ. "ಅಣ್ಣಾ, ನೀವು ದೊಡ್ಡೋರು. ನೀವಾದ್ರೂ ಹೇಳಿ. ನಾನು ಅಂಥೋನಾ?"

ಆಗ ಹೇಳಬೇಕಿತ್ತು. ನಾಲಿಗೆ ತುದಿಯಲ್ಲೇ ಇತ್ತು. ನಾನು ಹೇಳಿದ್ದು, "ಹೋಗಲಿ ಬಿಡಪ್ಪ, ಈಗ ಆಗಿದ್ದು ಆಗಿಹೋಯ್ತು." ದೊಡ್ಡ ಮನಸ್ಸಿನವನ ಹಾಗೆ ಹೇಳಿದೆ. ತಪ್ಪು ಅವನದೆಂದು ತೀರ್ಮಾನವಾದದ್ದು ಆ ಮಾತಿನಿಂದ. ಅವನ ಮುಖ ಸಣ್ಣದಾಯಿತು. ಬದು ದಾಟಿ ತನ್ನ ತೋಟಕ್ಕೆ ಹೋದ. ಅದೇ ಸಂಜೆ ನಾನು ಪಿಪಾಯಿಯನ್ನು ಶ್ರೀನಿವಾಸಪುರದ ಗುಜರಿಗೆ ತೂಕಕ್ಕೆ ಹಾಕಿ ಕೋಲಾರದ ಬಸ್ ಹತ್ತಿದೆ.

ಅಲ್ಲಿಂದ ಅವನು ಬದುವಿನ ಮೇಲೆ ನಿಂತು ಕೂಗುವುದನ್ನು ಬಿಟ್ಟ. ತನಗೆ ತೋಚಿದಾಗ ಹೊಡೆದುಕೊಳ್ಳುತ್ತಿದ್ದ. ತಂಗಿ ಫೋನಿನಲ್ಲಿ ಅವನನ್ನು ಬೈಯುವುದು, ನಾನು ಹೂಂ ಅನ್ನುವುದು. ಮನೆಯಲ್ಲಿ ಯಾವ ಮಿಷನ್ನಿನ ಸ್ವಿಚ್ಚನ್ನೂ ಹಾಕಲು ನನ್ನಿಂದಾಗಲಿಲ್ಲ. ಹೆಂಡತಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಗಾಬರಿ. ಏನಾಯಿತೆಂದು ಕೂರಿಸಿಕೊಂಡು ಕೇಳಿದಳು. ಎಲ್ಲ ಹೇಳಿದೆ. ಅವಳು, "ನಂಗ್ಯಾಕ್ರೀ ಹೇಳ್ತೀರಾ? ಶ್ರೀನಿವಾಸಪುರಕ್ಕೆ ಬಸ್ಸಿಲ್ವಾ?" ಅಂದಳು.

ಹೋದೆ. ತಂಗಿ ಅಡಿಗೆಮನೆಯಲ್ಲಿ ಕಾಳು ಬಿಡಿಸುತ್ತಿದ್ದಳು. ಗೋಡೌನು, ಪುಡಿ, ತೊಳೆಯದ ಫಿಲ್ಟರು, ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಆಯ್ತಾ? ಮುಗೀತಾ?" ಅಂದಳು. "ನೀನು ಚಿಕ್ಕಂದಿನಿಂದ್ಲೂ ಹಿಂಗೇ. ನಾನು ಗಡಿಗೆ ಒಡೆದ್ರೆ ನೀನು 'ನಾನೇ ಒಡೆದೆ' ಅಂತ ಅಪ್ಪನ ಕೈಲಿ ಏಟು ತಿಂತಿದ್ದೆ. ಜಗಳ ಅಂದ್ರೆ ನಿಂಗೆ ಭಯ."

"ಇದು ಹಂಗಲ್ಲ ಕಣಮ್ಮ. ನಿಜ."

"ಒಂದು ಚಿಟಿಕೆ ಪುಡಿಗೆ ಮನೆ ತುಂಬಾ ಹುಳ ಸಾಯ್ತದಾ? ಎಲ್ಲಿ, ಆ ಮಿಷನ್ ತಾ ನೋಡೋಣ."

ಮಿಷನ್ ಎಲ್ಲಿದೆ. ಮಾಲೂರಿಗೆ ಹೋಗಿ ಗುಜರಿಯವನನ್ನು ಹಿಡಿದೆ, ಒಂದು ಮಾತು ಫೋನಿನಲ್ಲಿ ನನ್ನ ತಂಗಿಗೆ ಹೇಳಪ್ಪಾ ಎಂದು ಬೇಡಿದೆ. "ಯಾವ ಗೋಡೌನು ಸಾರ್? ದಿನಾ ಎಷ್ಟೋ ಬರ್ತದೆ, ಹೋಗ್ತದೆ," ಅಂದ. ನಿಜವಾಗಿ ಮರೆತಿದ್ದನೋ, ಪೊಲೀಸು ಗಿಲೀಸು ಅಂತ ಹೆದರಿದನೋ. ಅವನನ್ನು ದೂರುವ ಮುಖ ನನಗೆಲ್ಲಿದೆ, ಅವನು ಹೇಳಬೇಕಾದಾಗ ಹೇಳಿದ್ದ.

ಉಳಿದವನು ಟೊಮೆಟೊ ತೋಟದವನು. ಅವನು ಗಿಡಗಳಿಗೆ ಕಡ್ಡಿ ಕಟ್ಟುತ್ತಿದ್ದ ಕಡೆಗೇ ಹೋಗಿ ಹೇಳಿಬಿಟ್ಟೆ. ಹೊಡೆದರೂ ಹೊಡೆಯಲಿ ಅಂದುಕೊಂಡಿದ್ದೆ. ಅವನು ದಾರದ ಉಂಡೆಯನ್ನು ಕೈಯಲ್ಲಿ ಸುತ್ತುತ್ತಾ ಕೇಳಿದ.

"ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲ ಅಣ್ಣಾ," ಅಂದ. "ಈಗ ನಂಗೆ ಹೇಳಿ ಏಮಿ ಲಾಭಂ? ನನ್ನ ಮಂದಿಂದ ಹುಳ ಸಾಯ್ಲಿಲ್ಲ ಅಂತ ನಂಗೆ ಗೊತ್ತೇ ಐತಲ್ಲ. ಅಕ್ಕಂಗೆ ಹೇಳಿ."

"ಹೇಳ್ದೆ. ನಂಬ್ತಿಲ್ಲ."

"ಇನ್ನೊಂದು ಸಲ ಹೇಳಿ."

ಅಲ್ಲಿಂದ ಬದು ದಾಟಿ ನೇರವಾಗಿ ತಂಗಿಯ ಮನೆಗೆ ಹೋದೆ. ಅವಳು ಅಂಗಳದಲ್ಲಿ ನಿಂತು ನಾನು ಅವನ ತೋಟದಿಂದ ಬರುವುದನ್ನು ನೋಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು: "ಅವನು ಕಳಿಸಿದ್ನಾ ಅಣ್ಣಾ?"

ನಾನು ಏನು ಹೇಳಿದರೂ ಅದು ಅವನು ಹೇಳಿಕೊಟ್ಟ ಮಾತಾಗುತ್ತದೆ. ಆದರೂ ಹೇಳಿದೆ, ಆಣೆ ಇಟ್ಟೆ. "ಪಾಪ, ವಯಸ್ಸಾದೋನ ಹತ್ರ ಸುಳ್ಳಾಣೆ ಹಾಕಿಸ್ತಾನಲ್ಲ," ಎಂದು ಅವಳು ಅವನಿಗೆ ಇನ್ನಷ್ಟು ಬೈದಳು. ನನಗೆ ಕಾಫಿ ಕೊಟ್ಟಳು.

ಮೊನ್ನೆ ತಂಗಿ, ಅವನ ಔಷಧಿ ಇತ್ತ ಬರದಿರಲೆಂದು, ಬದುವಿನ ಉದ್ದಕ್ಕೂ ತಗಡಿನ ಶೀಟು ಹಾಕಿಸಿದಳು. ಬಂದು ಜೊತೆಗಿರಣ್ಣಾ ಎಂದು ಕರೆದಿದ್ದಳು. ಬೇಡ ಕಣೇ ಎಂದು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದೆ. ಕೆಲಸದವನಿಗೆ ಒಂದು ಕೈ ಕಡಿಮೆ ಬಿತ್ತು. "ಸ್ವಲ್ಪ ಆ ತುದಿ ಹಿಡ್ಕೋ," ಅಂದಳು. ಆಚೆ ಕಡೆ ಅವನು ಗಿಡಗಳಿಗೆ ನೀರು ತಿರುಗಿಸುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದ. ಶೀಟಿನ ತುದಿ ನನ್ನ ಕೈಯಲ್ಲಿತ್ತು, ಬಿಟ್ಟರೆ ಕೆಲಸದವನ ಕಾಲ ಮೇಲೆ ಬೀಳುತ್ತಿತ್ತು. ಮೊಳೆ ಹೊಡೆದು ಮುಗಿಯುವವರೆಗೆ ಹಿಡಿದುಕೊಂಡೇ ನಿಂತಿದ್ದೆ.